ಕಲ್ಮನೆಗಳ ಊರಿನಲ್ಲಿ ಒಂದು ದಿನ: ಬಾದಾಮಿ ನೋಡುವ ಕ್ರಮ

ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚೀಲ ಹೆಗಲಿಗೆ ಹಾಕುವಷ್ಟರಲ್ಲಿ ಆಟೊದವರೊಬ್ಬರು ಬಂದು ನಿಲ್ಲುತ್ತಾರೆ. "ಬಾದಾಮಿ, ಪಟ್ಟದಕಲ್ಲ, ಐಹೊಳಿ, ಮೂರೂ ತೋರಿಸ್ತೀನ್ ಬರ್ರಿ ಸರ. ಸಂಜಿಗೆ ವಾಪಸ್ ತಂದ್ ಬಿಡ್ತೀನಿ." ಮೊದಲ ಸಲ ಹೋದಾಗ ನಾನೂ ಹೂಂ ಅಂದೆ. ಬಾದಾಮಿಗೆ ಸಿಕ್ಕಿದ್ದು ಒಂದೂವರೆ ತಾಸು. ನಾಲ್ಕೂ ಗುಹೆ ಓಡೋಡಿ ಹತ್ತಿ ಇಳಿದೆ. ಮನೆಗೆ ಬಂದು ಫೋಟೊ ನೋಡಿದರೆ ಯಾವ ವಿಷ್ಣು ಯಾವ ಗುಹೆಯವನು ಅಂತಾನೇ ಗೊತ್ತಾಗಲಿಲ್ಲ.

ಆಮೇಲೆ ನೆಂಟರಿಷ್ಟರನ್ನು ಕರೆದುಕೊಂಡು ಎಷ್ಟೋ ಸಲ ಹೋಗಿದ್ದೇನೆ. ಈಗ ಕೇಳಿದವರಿಗೆಲ್ಲ ಎರಡೇ ಮಾತು ಹೇಳುತ್ತೇನೆ. ಬಾದಾಮಿಗೇ ಒಂದು ಪೂರ್ತಿ ದಿನ ಕೊಡಿ. ಮತ್ತೆ, ಗುಹೆಯಿಂದ ಶುರು ಮಾಡಬೇಡಿ.

ಮೊದಲು ಊರು ಹೇಗಿದೆ ಅಂತ ತಿಳ್ಕೊಳ್ಳಿ

ಒಂದು ಕುದುರೆ ಲಾಳ ನೆನಪಿಸಿಕೊಳ್ಳಿ. ಅದರ ಬಾಯಿ ಪಶ್ಚಿಮಕ್ಕಿದೆ. ಆ ಬಾಯಲ್ಲಿ ಊರು ಕೂತಿದೆ. ನಡುವೆ ಅಗಸ್ತ್ಯ ತೀರ್ಥ ಎಂಬ ಕೆರೆ. ಊರಿನಿಂದ ಕೆರೆಗೆ ಮುಖ ಮಾಡಿ ನಿಂತರೆ ಬಲಗೈಗೆ, ಅಂದರೆ ದಕ್ಷಿಣದ ಗುಡ್ಡದಲ್ಲಿ, ನಾಲ್ಕು ಗುಹೆ. ಎಡಗೈಗೆ ಉತ್ತರದ ಗುಡ್ಡ, ಅದರ ಮೇಲೆ ಕೋಟೆ ಮತ್ತು ಶಿವಾಲಯಗಳು, ಬುಡದಲ್ಲಿ ಮ್ಯೂಸಿಯಂ. ಲಾಳ ಬಾಗಿದ ಕಡೆ, ಕೆರೆಯ ಪೂರ್ವ ದಡಕ್ಕೆ, ಭೂತನಾಥ ದೇವಸ್ಥಾನ. ನಡೆದೇ ನೋಡಿ ಮುಗಿಸಬಹುದಾದ ಜಾಗ ಇದು.

ಗುಹೆಗಳ ಬಾಯಿ ಉತ್ತರಕ್ಕಿದೆ. ಹಾಗಾಗಿ ನೆತ್ತಿ ಸುಡುವ ಮಧ್ಯಾಹ್ನದಲ್ಲೂ ಒಳಗೆ ನೆರಳು, ತಂಪು. ಉತ್ತರದ ಕೋಟೆ ಮೇಲೆ ಮಾತ್ರ ನೆರಳೇ ಇಲ್ಲ, ಹತ್ತು ಗಂಟೆ ದಾಟಿದರೆ ಬಂಡೆ ಕಾಯತೊಡಗುತ್ತದೆ. ಭೂತನಾಥ ಪಶ್ಚಿಮಕ್ಕೆ ಮುಖ ಮಾಡಿದೆ, ಸಂಜೆ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಇಷ್ಟು ಗೊತ್ತಾದ ಮೇಲೆ ದಿನದ ಕ್ರಮ ತಾನಾಗಿ ಬರುತ್ತೆ ಅಲ್ವಾ? ಬೆಳಿಗ್ಗೆ ಕೋಟೆ, ಮಧ್ಯಾಹ್ನ ಗುಹೆ, ಸಂಜೆ ಭೂತನಾಥ. ಆದರೂ ಬರುವವರಲ್ಲಿ ಜಾಸ್ತಿ ಜನ ಬೆಳಗಿನ ತಂಪನ್ನೆಲ್ಲ ಗುಹೆಯ ನೆರಳಿನಲ್ಲಿ ಕಳೆದು, ಮಧ್ಯಾಹ್ನ ಒಂದು ಗಂಟೆಗೆ ಕೋಟೆ ಹತ್ತಲು ಹೋಗಿ ಅರ್ಧಕ್ಕೇ ವಾಪಸಾಗುತ್ತಾರೆ.

ಯಾವಾಗ, ಹೇಗೆ

ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಸುಲಭವಾಗಿ ಮುಟ್ಟುತ್ತದೆ, ಸುಮ್ನೆ ಕಷ್ಟಪಡಬೇಡಿ. ಮಳೆಗಾಲದ ರುಚಿಯೇ ಬೇರೆ. ಕೆರೆ ತುಂಬಿರುತ್ತದೆ, ಜೋರು ಮಳೆ ಬಿದ್ದ ಮೇಲೆ ಬಂಡೆಯ ಮೇಲಿಂದ ಅಕ್ಕ-ತಂಗಿ ಜಲಪಾತ ಎರಡು ಧಾರೆಯಾಗಿ ಸುರಿಯುತ್ತದೆ. ಆದರೆ ಕಲ್ಲು ಜಾರುತ್ತದೆ.

ಶುಕ್ರವಾರ ಬೇಡ, ಆವತ್ತು ಮ್ಯೂಸಿಯಂಗೆ ರಜೆ. ಭಾನುವಾರವೂ ಬೇಡ. ಶಾಲಾ ಪ್ರವಾಸದ ಬಸ್ಸುಗಳು ಬಂದರೆ ಗುಹೆಯೊಳಗೆ ನಿಮ್ಮ ಮಾತು ನಿಮಗೇ ಕೇಳಿಸುವುದಿಲ್ಲ. ಮಂಗಳವಾರ, ಬುಧವಾರ ನೋಡಿಕೊಳ್ಳಿ.

ಬೆಂಗಳೂರು, ಮೈಸೂರು ಕಡೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ, ಹುಬ್ಬಳ್ಳಿ, ಗದಗ ಮೇಲೆ ಹಾದು ಬಾದಾಮಿಗೆ ಬರುತ್ತದೆ. ಸ್ಟೇಷನ್ನಿನಿಂದ ಊರಿಗೆ ಸುಮಾರು 5 ಕಿಲೋಮೀಟರ್. ಹಿಂದೆ ಟಾಂಗಾ ಇರುತ್ತಿದ್ದವು, ಈಗ ಆಟೊ, ಟಂಟಂ ಅನ್ನುವ ಶೇರ್ ಆಟೊ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಸುಮಾರು 105 ಕಿಲೋಮೀಟರ್, ಬಾಗಲಕೋಟೆಯಿಂದ 40ರ ಒಳಗೆ. ಆದಷ್ಟು ಹಿಂದಿನ ರಾತ್ರಿಯೇ ಬಂದು ಮಲಗಿ. ಬಸ್ ಸ್ಟ್ಯಾಂಡಿನ ಸುತ್ತಲೇ ಲಾಡ್ಜುಗಳಿವೆ.

ಚೀಲದಲ್ಲಿ ಇರಬೇಕಾದ್ದು: ತಲಾ ಎರಡು ಲೀಟರ್ ನೀರು, ಟೋಪಿ, ಹಿಡಿತ ಇರುವ ಬೂಟು, ಚಿಕ್ಕ ಟಾರ್ಚು, ಚಿಲ್ಲರೆ ದುಡ್ಡು. ಇರಬಾರದ್ದು: ಪ್ಲಾಸ್ಟಿಕ್ ಕವರು. ಬಾದಾಮಿ ಮಂಗಗಳಿಗೆ ಬಾಳೆಹಣ್ಣಿನ ವಾಸನೆಗಿಂತ ಮೊದಲು ಕವರಿನ ಚರಚರ ಸದ್ದು ತಿಳಿಯುತ್ತದೆ. ಒಂದನೇ ಗುಹೆಯಿಂದ ಎರಡನೆಯದಕ್ಕೆ ಹತ್ತುವ ಮೆಟ್ಟಿಲಲ್ಲಿ ನಮ್ಮ ಚಿಕ್ಕಮ್ಮ ಕವರಿನಿಂದ ಬರೀ ಕರ್ಚೀಫು ತೆಗೆಯಲು ಹೋದರು. ಕೈಯಲ್ಲಿ ಕರ್ಚೀಫು ಉಳಿಯಿತು, ಕವರು ಬಂಡೆಯ ಮೇಲೆ ಹೋಯಿತು. ಅದರಲ್ಲಿ ಲಾಡ್ಜಿನ ಬೀಗದ ಕೈ ಇತ್ತು. ಕೊನೆಗೆ ಅಲ್ಲಿನ ಹುಡುಗನೊಬ್ಬ ಶೇಂಗಾ ತೋರಿಸಿ ಅದನ್ನು ಬಿಡಿಸಿಕೊಟ್ಟ. ಜಿಪ್ ಇರುವ ಚೀಲ ಬೆನ್ನಿಗೆ ಹಾಕಿ, ಕನ್ನಡಕ ಹುಷಾರು, ತಿನ್ನುವುದನ್ನು ಹೊರಗೆ ತೆಗೆಯಲೇಬೇಡಿ.

ಹೆಜ್ಜೆ 1: ಬೆಳಿಗ್ಗೆ ಉತ್ತರದ ಕೋಟೆ

ನಾಷ್ಟಾ ಮುಗಿಸಿ ಹೊರಡಿ. ಬಸ್ ಸ್ಟ್ಯಾಂಡ್ ಹತ್ತಿರ ಇಡ್ಲಿ, ಶಿರಾ, ಉಪ್ಪಿಟ್ಟು ಬೇಗ ಸಿಗುತ್ತವೆ. ಮ್ಯೂಸಿಯಂ ಕಡೆ ಹೋಗುವ ಓಣಿ ಹಳೇ ಊರಿನೊಳಗೆ ಹಾದು ಹೋಗುತ್ತದೆ. ಮನೆ ಮುಂದೆ ನೀರು ಹೊಡೆದು ರಂಗೋಲಿ ಹಾಕುತ್ತಿರುತ್ತಾರೆ, ಕಟ್ಟೆ ಮೇಲೆ ಅಜ್ಜಂದಿರು ಕೂತಿರುತ್ತಾರೆ. "ಮ್ಯೂಸಿಯಂ ಯಾಕಡೆರೀ?" ಅಂದರೆ ಸಾಕು, ಕೈ ತೋರಿಸುತ್ತಾರೆ.

ಕೋಟೆ ಹಾದಿ ಮ್ಯೂಸಿಯಂ ಪಕ್ಕದಿಂದಲೇ ಏರುತ್ತದೆ. ಶುರುವಿನಲ್ಲೇ ಎರಡು ಬಂಡೆಗಳ ನಡುವಿನ ಸಂದಿಯೊಳಗೆ ನುಗ್ಗಬೇಕು. ಎರಡೂ ಕಡೆ ಕೆಂಪು ಕಲ್ಲಿನ ಗೋಡೆ ನೆಟ್ಟಗೆ ಮೇಲಕ್ಕೆ ಹೋಗಿದೆ. ಇಲ್ಲಿ ಒಂದು ನಿಮಿಷ ನಿಂತು ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ಅಂಗೈಗೆ ಸಣ್ಣ ಮರಳು ಹತ್ತುತ್ತದೆ. ಇದು ಮರಳುಗಲ್ಲು, ಪದರ ಪದರವಾಗಿ ಕೂತಿದೆ. ಉಳಿಗೆ ಒಗ್ಗುವಷ್ಟು ಮೆದು, ಚಾವಣಿ ಕುಸಿಯದಷ್ಟು ಗಟ್ಟಿ. ಈ ಊರನ್ನು ರಾಜಧಾನಿ ಮಾಡಿಕೊಂಡಿದ್ದ ಚಾಲುಕ್ಯರ ಕಲ್ಲುಕುಟಿಗರಿಗೆ ಬೇಕಾಗಿದ್ದೂ ಇಂಥದೇ ಕಲ್ಲು.

ಸಂದಿ ದಾಟಿ ಮೇಲೆ ಹೋದರೆ ಮೊದಲು ಕೆಳಗಿನ ಶಿವಾಲಯ, ಇನ್ನೂ ಏರಿದರೆ ಮೇಲಿನ ಶಿವಾಲಯ. ಮೇಲಿನದರ ಗೋಡೆಯಲ್ಲಿ ಗೋವರ್ಧನ ಎತ್ತಿದ ಕೃಷ್ಣನನ್ನು ಹುಡುಕಿ. ಅಲ್ಲಲ್ಲಿ ಕಾವಲು ಬುರುಜು, ಕಣಜ, ಒಂದು ಹಳೇ ಫಿರಂಗಿ ಇವೆ. ಇವೆಲ್ಲ ಚಾಲುಕ್ಯರವೇ ಅಂದುಕೊಳ್ಳಬೇಡಿ. ಈ ಗುಡ್ಡವನ್ನು ಟಿಪ್ಪು ಕಾಲದವರೆಗೂ ಒಬ್ಬರಾದ ಮೇಲೊಬ್ಬರು ಕೋಟೆಯಾಗಿ ಬಳಸಿದ್ದಾರೆ. ಮೊದಲು ಕೋಟೆ ಕಟ್ಟಿದವನು ಚಾಲುಕ್ಯ ರಾಜ ಒಂದನೇ ಪುಲಕೇಶಿ. ಅದನ್ನು ಹೇಳುವ ಶಾಸನ ಇದೇ ಗುಡ್ಡದ ಬಂಡೆಯ ಮೇಲಿದೆ, ಶಕ ವರ್ಷ 465, ಅಂದರೆ ಕ್ರಿ.ಶ. 543.

ತುದಿಯಿಂದ ಕೆಳಗೆ ನೋಡಿದರೆ ಇಡೀ ಲಾಳ ಕಾಣುತ್ತದೆ. ಎದುರಿನ ಗುಡ್ಡದಲ್ಲಿ ನಾಲ್ಕು ಕಪ್ಪು ಬಾಯಿಗಳು, ಒಂದಕ್ಕಿಂತ ಒಂದು ಎತ್ತರದಲ್ಲಿ. ಕೆರೆಯ ಮೆಟ್ಟಿಲಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ಬಟ್ಟೆ ಕಲ್ಲಿಗೆ ಬಡಿದಿದ್ದು ಕಣ್ಣಿಗೆ ಮೊದಲು ಕಾಣುತ್ತದೆ, 'ಧಪ್' ಅನ್ನುವ ಸದ್ದು ಆಮೇಲೆ ಬರುತ್ತದೆ, ಅದಾದ ಮೇಲೆ ಎದುರು ಗುಡ್ಡಕ್ಕೆ ಬಡಿದು ಇನ್ನೊಂದು ಸಲ. ನಮ್ಮ ಜೊತೆ ಬಂದ ಮಕ್ಕಳು ಇದನ್ನೇ ಅರ್ಧ ತಾಸು ಆಟ ಮಾಡಿಕೊಂಡಿದ್ದರು.

ಹತ್ತಿ ಇಳಿಯಲು ಒಂದೂವರೆ, ಎರಡು ತಾಸು ಇಟ್ಟುಕೊಳ್ಳಿ. ಅಂಚುಗಳಿಗೆ ಎಲ್ಲ ಕಡೆ ಕಂಬಿ ಇಲ್ಲ, ಸೆಲ್ಫಿ ಚಟ ಇರುವವರ ಮೇಲೆ ಒಂದು ಕಣ್ಣಿರಲಿ. ಮಂಡಿ ನೋವಿನವರಿಗೆ ಈ ಹೆಜ್ಜೆ ಬೇಡ. ಮಾಲೆಗಿತ್ತಿ ಶಿವಾಲಯಕ್ಕೆ ಹಾದಿ ಬೇರೆ, ಊರಿನ ಕಡೆಯಿಂದ ಹತ್ತಬೇಕು. ಒಂಟಿ ಬಂಡೆಯ ಮೇಲೆ ಕೂತಿರುವ ಗಟ್ಟಿಮುಟ್ಟಾದ ಗುಡಿ. ನನ್ನ ಕೇಳಿದರೆ ಬಾದಾಮಿಯ ಗುಡಿಗಳಲ್ಲಿ ಇದೇ ಚಂದ. ಸಮಯ ನೋಡಿಕೊಂಡು ಹೋಗಿ.

ಹೆಜ್ಜೆ 2: ಮ್ಯೂಸಿಯಂ, ಮುಕ್ಕಾಲು ತಾಸು

ಇಳಿದ ಕೂಡಲೇ ಒಳಗೆ ಹೋಗಿ. ಫ್ಯಾನ್ ಕೆಳಗೆ ನಿಲ್ಲಬಹುದು ಅನ್ನುವುದೂ ಒಂದು ಕಾರಣ. ನೋಡಲೇಬೇಕಾದ್ದು ನಾಗನಾಥಕೊಳ್ಳದ ಲಜ್ಜಾಗೌರಿ. ತಲೆಯ ಜಾಗದಲ್ಲಿ ಅರಳಿದ ತಾವರೆ ಇರುವ, ಹೆರಿಗೆಯ ಭಂಗಿಯ ಬೆತ್ತಲೆ ತಾಯಿ. ಮಕ್ಕಳಾಗಲಿ ಅಂತ ಬೇಡಿಕೊಳ್ಳುತ್ತಿದ್ದ ದೇವತೆ. ಕೆಲವರು ಮುಖ ತಿರುಗಿಸಿ ಮುಂದೆ ಹೋಗುತ್ತಾರೆ, ನೀವು ಹಾಗೆ ಮಾಡಬೇಡಿ. ಹತ್ತಿರದ ಶಿಡ್ಲಫಡಿ ಎಂಬ ಆದಿಮಾನವರ ನೆಲೆಯ ಮಾದರಿಯೂ ಇಲ್ಲಿದೆ. ಚಾಲುಕ್ಯರಿಗಿಂತ ಎಷ್ಟೋ ಸಾವಿರ ವರ್ಷ ಮೊದಲೇ ಈ ಕಲ್ಲಿನ ನೆರಳಿಗೆ ಜನ ಬಂದಿದ್ದರು.

ಹೊರಡುವ ಮುಂಚೆ ಕಪ್ಪೆ ಅರಭಟ್ಟ ಎಂಬ ವೀರನ ಶಾಸನಕ್ಕೆ ದಾರಿ ಕೇಳಿ. ಕೆರೆಯ ಈಶಾನ್ಯಕ್ಕೆ ಬಂಡೆಯ ಮೇಲಿದೆ, ಸುಮಾರು ಕ್ರಿ.ಶ. 700ರದು. ಕನ್ನಡದ ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ, ಮೊದಲು ಸಿಗುವುದು ಇದರಲ್ಲೇ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀರಿ. ಒಳ್ಳೆಯವರಿಗೆ ಒಳ್ಳೆಯವನು, ಕಾಡಿಸುವವರಿಗೆ ಕಲಿಯುಗದ ವಿಪರೀತ ಮನುಷ್ಯ. ಲಿಪಿ ಹಳಗನ್ನಡದ್ದು, ನೋಡಿದ ಕೂಡಲೇ ಓದಲು ಬರುವುದಿಲ್ಲ. ಸಾಲುಗಳನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಹೋಗಿ ಒಂದೊಂದೇ ಅಕ್ಷರ ಜೋಡಿಸಿ ನೋಡಿ. 'ಮ' ಗುರುತು ಸಿಕ್ಕಾಗ ಆಗುವ ಖುಷಿಗೆ ನಾನು ಗ್ಯಾರಂಟಿ.

ಹೆಜ್ಜೆ 3: ಊಟಕ್ಕೆ ಬನಶಂಕರಿ

ಊರಿನ ಖಾನಾವಳಿಗಳೂ ಚೆನ್ನಾಗಿವೆ. ಆದರೆ ನಾನು 5 ಕಿಲೋಮೀಟರ್ ದೂರದ ಬನಶಂಕರಿಗೆ ಹೋಗುತ್ತೇನೆ. ದೇವಿ ದರ್ಶನ ಮಾಡಿ, ಗುಡಿ ಮುಂದಿನ ಹರಿದ್ರಾ ತೀರ್ಥದ ಕಲ್ಲಿನ ಮಂಟಪದ ಸಾಲು ನೋಡಿ, ಆಮೇಲೆ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯರ ಹತ್ತಿರ ಹೋಗಿ ಕೂರಿ. ಖಡಕ್ ಜೋಳದ ರೊಟ್ಟಿ, ಕಾಳಿನ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆಂಪು ಖಾರ, ಪುಟ್ಟ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು. "ಇನ್ನೊಂದ್ ಹಾಕ್ಲೇನಪಾ?" ಅಂತ ಕೇಳುತ್ತಲೇ ಹಾಕಿರುತ್ತಾರೆ. "ಸಾಕ್ ಯವ್ವಾ" ಅಂತ ಮೂರನೇ ರೊಟ್ಟಿಗೇ ನಿಲ್ಲಿಸಿದರೆ ಒಳ್ಳೆಯದು. ಮುಂದೆ ಮೆಟ್ಟಿಲಿವೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಇಲ್ಲಿ ದೊಡ್ಡ ಜಾತ್ರೆ. ಆ ದಿನಗಳಲ್ಲಿ ಬಂದರೆ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ.

ಹೆಜ್ಜೆ 4: ಮಧ್ಯಾಹ್ನ ಎರಡಕ್ಕೆ ಗುಹೆಗಳು

ಟಿಕೆಟ್ ಕೌಂಟರಿನಲ್ಲಿ ಸಂಜೆ ಬಾಗಿಲು ಹಾಕುವ ಹೊತ್ತು ಕೇಳಿಕೊಂಡೇ ಒಳಗೆ ಹೋಗಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಗೈಡ್ ಮಾಡಿಕೊಳ್ಳುವುದಾದರೆ ಗುರುತಿನ ಚೀಟಿ ನೋಡಿ, ದುಡ್ಡು ಮೊದಲೇ ಮಾತಾಡಿ. ನಿಧಾನ ಹೋಗೋಣ, ಎರಡೂವರೆ ತಾಸು ಬೇಕು ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ನಲವತ್ತು ನಿಮಿಷಕ್ಕೆ ಮುಗಿಸುತ್ತಾರೆ.

ಒಂದನೇ ಗುಹೆ ಶಿವನದು. ಹೊರಗೆ ಬಲಗಡೆ ಹದಿನೆಂಟು ಕೈಗಳ ನಟರಾಜ. ಎಲ್ಲರೂ ಅಲ್ಲೇ ಗುಂಪು ಕಟ್ಟುತ್ತಾರೆ. ಗುಂಪು ಕರಗುವವರೆಗೆ ನೀವು ಎಡಗಡೆಯ ದ್ವಾರಪಾಲಕನ ಕಾಲ ಕೆಳಗೆ ನೋಡಿ. ಎರಡು ಪ್ರಾಣಿಗೆ ಒಂದೇ ತಲೆ. ಅಂಗೈಯನ್ನು ಕಣ್ಣಿನ ಮುಂದೆ ಹಿಡಿದು ಒಂದು ಮೈಯನ್ನು ಮುಚ್ಚಿ, ಆನೆ ಕಾಣುತ್ತದೆ. ಇನ್ನೊಂದನ್ನು ಮುಚ್ಚಿ, ಅದೇ ತಲೆ ಎತ್ತಾಗುತ್ತದೆ. ಆನೆಯ ಸೊಂಡಿಲು, ಎತ್ತಿನ ಕೊಂಬು ಒಂದೇ ಗೆರೆಯಲ್ಲಿ ಮುಗಿದಿವೆ. ಒಳಗೆ ಹರಿಹರ, ಅರ್ಧನಾರೀಶ್ವರ ಇದ್ದಾರೆ. ಅರ್ಧನಾರೀಶ್ವರನ ಪಕ್ಕ ಎಲುಬಿನ ಗೂಡಿನಂತೆ ನಿಂತವನು ಭೃಂಗಿ. ಕತ್ತೆತ್ತಿದರೆ ಚಾವಣಿಯಲ್ಲಿ ಸುರುಳಿ ಸುತ್ತಿದ ನಾಗರಾಜ. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಈ ಒಂದು ಗುಹೆಯಾದರೂ ತೋರಿಸಿ, ಇದು ಎಲ್ಲಕ್ಕಿಂತ ಕೆಳಗಿದೆ.

ಎರಡನೇ ಗುಹೆಯಲ್ಲಿ ಎಡಕ್ಕೆ ವರಾಹ, ಬಲಕ್ಕೆ ತ್ರಿವಿಕ್ರಮ. ಚಾವಣಿಯಲ್ಲಿ ಮೀನುಗಳೇ ಕಡ್ಡಿಗಳಾಗಿರುವ ಚಕ್ರ ಹುಡುಕಿ. ಮೂರನೆಯದರಲ್ಲಿ ಇವೆರಡೂ ಇನ್ನೂ ದೊಡ್ಡದಾಗಿ ಬರುತ್ತವೆ, ಹಾಗಾಗಿ ಇಲ್ಲಿ ಜಾಸ್ತಿ ಹೊತ್ತು ಬೇಡ. ಮುಂದಿನ ಮೆಟ್ಟಿಲ ಹಾದಿಯಲ್ಲಿ ದಕ್ಷಿಣದ ಕೋಟೆಗೆ ಹೋಗುವ ಕಡಿದಾದ ಮೆಟ್ಟಿಲು ಸಿಗುತ್ತದೆ, ಅದಕ್ಕೆ ಬೀಗ ಹಾಕಿದ್ದಾರೆ. ಮೇಲೆ ಕರೆದುಕೊಂಡು ಹೋಗ್ತೀನಿ ಅನ್ನುವವರ ಮಾತಿಗೆ ತಲೆ ಆಡಿಸಬೇಡಿ.

ಮೂರನೇ ಗುಹೆಯಲ್ಲಿ ಒಂದು ತಾಸು ಕೂರಿ. ನಾಲ್ಕರಲ್ಲಿ ಇದೇ ದೊಡ್ಡದು, ಅಗಲವೇ ಸುಮಾರು 70 ಅಡಿ. ಎಡ ತುದಿಯಲ್ಲಿ ಆದಿಶೇಷನ ಸುರುಳಿಯ ಮೇಲೆ ಕಾಲು ಮಡಚಿ ಆರಾಮಾಗಿ ಕೂತ ವಿಷ್ಣು. ಮಲಗಿದ ವಿಷ್ಣುವನ್ನೇ ನೋಡಿ ಅಭ್ಯಾಸವಾದ ನಮಗೆ ಹೊಸದಾಗಿ ಕಾಣುತ್ತಾನೆ. ಹಿರಣ್ಯಕಶಿಪುವಿನ ಹೊಟ್ಟೆ ಬಗೆಯದೆ, ಸುಮ್ಮನೆ ನಿಂತ ನರಸಿಂಹನೂ ಇದ್ದಾನೆ. ಕಂಬದ ಮೇಲಿನ ಚಾಚುಗಳಲ್ಲಿ ಮರದ ಕೆಳಗೆ ನಿಂತ ಜೋಡಿಗಳು, ಒಂದರಂತೆ ಇನ್ನೊಂದಿಲ್ಲ. ಒಬ್ಬಳು ಗಂಡನ ಹೆಗಲಿಗೆ ಒರಗಿದ್ದಾಳೆ, ಅಷ್ಟೆ. ನಿಂತ ಭಂಗಿಯಲ್ಲೇ ಮನೆ ನೆನಪಾಗುತ್ತದೆ. ಮುಂಚಾಚಿನ ಒಳಮೈಯಲ್ಲಿ ಹಳೇ ಬಣ್ಣದ ಚಿತ್ರಗಳ ಅಳಿದುಳಿದ ಗುರುತು ಇವೆ. ಫ್ಲ್ಯಾಶ್ ಹಾಕಬೇಡಿ.

ಗುಹೆಗೆ ತಾರೀಖು ಇರುವುದೂ ಇಲ್ಲೇ. ಶಕ 500ರ ಕಾರ್ತಿಕ ಹುಣ್ಣಿಮೆ, ಅಂದರೆ ಕ್ರಿ.ಶ. 578. ಚಾಲುಕ್ಯ ಮನೆತನದ ಮಂಗಳೇಶ ಮಾಡಿಸಿದ್ದು. ಇದರ ಪುಣ್ಯ ನನ್ನ ಅಣ್ಣ ಕೀರ್ತಿವರ್ಮನಿಗೆ ಸೇರಲಿ ಅಂತ ಸಂಸ್ಕೃತ ಶಾಸನದಲ್ಲಿ ಬರೆಸಿದ್ದಾನೆ. ಮುಂದೆ ಅಣ್ಣ ಸತ್ತ ಮೇಲೆ ಇದೇ ಮಂಗಳೇಶ ಅಣ್ಣನ ಮಗನಿಗೆ ಪಟ್ಟ ಬಿಟ್ಟುಕೊಡದೆ, ತನ್ನ ಮಗನಿಗೇ ಕೊಡಿಸಲು ಹೋಗಿ, ಯುದ್ಧದಲ್ಲಿ ರಾಜ್ಯವನ್ನೂ ಜೀವವನ್ನೂ ಕಳಕೊಂಡ. ಗೆದ್ದ ಅಣ್ಣನ ಮಗನೇ ಇಮ್ಮಡಿ ಪುಲಕೇಶಿ. ಅದನ್ನು ಹೇಳುವುದು ಐಹೊಳೆಯ ಮೇಗುತಿ ಗುಡಿಯಲ್ಲಿರುವ 634ರ ಶಾಸನ. ಪಿತ್ರಾರ್ಜಿತದ ಜಗಳ ನೋಡಿದ ಯಾರಿಗೂ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಶಾಸನವಿದೆ, ಗುಹೆಯ ಹೊರಗಿನ ಬಂಡೆಯ ಮೇಲೆ, ಚಿಕ್ಕದು, ಕನ್ನಡದ್ದು. ಅದೂ ಮಂಗಳೇಶನದೇ. ಗೈಡುಗಳು ಸಾಮಾನ್ಯವಾಗಿ ತೋರಿಸುವುದಿಲ್ಲ, ನೀವೇ ಕೇಳಿ. ಅದರಲ್ಲಿ ಈ ಗುಹೆಗೆ ಅವರು ಕರೆದ ಹೆಸರು 'ಕಲ್ಮನೆ'. ಕಲ್ಲಿನ ಮನೆ! ನಾವು ಗುಹಾಂತರ ದೇವಾಲಯ ಅಂತ ನಾಲಿಗೆ ತಿರುಗಿಸುವುದನ್ನು ಅವರು ನಾಲ್ಕು ಅಕ್ಷರಕ್ಕಿಂತ ಕಡಿಮೆಯಲ್ಲಿ ಹೇಳಿ ಮುಗಿಸಿದ್ದಾರೆ. ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ದತ್ತಿ ಕೊಟ್ಟಿದ್ದು, ದೇವರಿಗೆ ಹೂ ಒದಗಿಸುವ ಮಾಲೆಗಾರರಿಗೆ ಪಾಲು ಇಟ್ಟಿದ್ದು ಅದರಲ್ಲಿದೆ. ಕೊನೆಗೆ ಶಾಪ: ಇದನ್ನು ಹಾಳು ಮಾಡುವವನು ಪಂಚಮಹಾಪಾತಕ ಮಾಡಿದವನಾಗುತ್ತಾನೆ, "ಏಳನೆಯಾ ನರಕದಾ ಪುಳು" ಆಗುತ್ತಾನೆ. ಪುಳು ಅಂದರೆ ಹುಳು. ಕಲ್ಲಿನ ಮೇಲೆ ಮೊಳೆಯಿಂದ ಹೆಸರು ಗೀಚುವ ಹುಡುಗರಿಗೆ ನಾನು ಈ ಸಾಲನ್ನೇ ಹೇಳುತ್ತೇನೆ. ನಗುತ್ತಾರೆ, ಆದರೆ ಮೊಳೆ ಜೇಬಿಗೆ ಹೋಗುತ್ತದೆ.

ನಾಲ್ಕನೆಯದು ಜೈನರದು, ಚಿಕ್ಕದು, ಉಳಿದವುಗಳಿಗಿಂತ ಆಮೇಲಿನದು. ಮಹಾವೀರ, ಪಾರ್ಶ್ವನಾಥ, ಮತ್ತೆ ಬಳ್ಳಿ ಸುತ್ತಿಕೊಂಡು ನಿಂತ ಬಾಹುಬಲಿ. ಶ್ರವಣಬೆಳಗೊಳದ ಮೂರ್ತಿಗಿಂತ ಎಷ್ಟೋ ತಲೆಮಾರು ಹಳೆಯ ಬಾಹುಬಲಿ ಇವನು, ಹೆಗಲ ಮೇಲೆ ಜಡೆ ಇಳಿದಿದೆ. ನೋಡಿ ಮುಗಿದ ಮೇಲೆ ಇದರ ಮುಂದಿನ ಕಟ್ಟೆಯಲ್ಲಿ ಕೂತು ನೀರು ಕುಡಿಯಿರಿ. ಬೆಳಿಗ್ಗೆ ನೀವು ನಿಂತಿದ್ದ ಕೋಟೆ ಎದುರಿಗೆ ಕಾಣುತ್ತದೆ.

ಹೆಜ್ಜೆ 5: ಸಂಜೆ ಭೂತನಾಥ

ಐದರ ಹೊತ್ತಿಗೆ ಕೆಳಗಿಳಿದು ಕೆರೆಯ ಉತ್ತರ ದಂಡೆಯ ಹಾದಿ ಹಿಡಿಯಿರಿ, ಮ್ಯೂಸಿಯಂ ದಾಟಿ ಮುಂದೆ. ದಾರಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಶಿಖರವಿರುವ ಮಲ್ಲಿಕಾರ್ಜುನ ಗುಡಿಗಳ ಗುಂಪು ಸಿಗುತ್ತದೆ. ಭೂತನಾಥದ ಕಟ್ಟೆ ನೀರಿನೊಳಕ್ಕೇ ಚಾಚಿಕೊಂಡಿದೆ. ಸೂರ್ಯ ಊರಿನ ಹಿಂದೆ ಇಳಿಯುವಾಗ ಬಂಡೆ ಮೊದಲು ಅರಿಶಿನ, ಆಮೇಲೆ ಇಟ್ಟಿಗೆ ಬಣ್ಣ, ಕೊನೆಗೆ ಕೆಂಪು ಖಾರದ ಬಣ್ಣಕ್ಕೆ ತಿರುಗುತ್ತದೆ. ಕೆರೆಗೆ ಇಳಿಯುವ ಆಸೆ ಬೇಡ, ಪಾಚಿ ಕಟ್ಟಿದ ಮೆಟ್ಟಿಲು ಜಾರುತ್ತದೆ.

ಇಲ್ಲಿ ಕೂತಾಗ ಮಕ್ಕಳಿಗೆ ವಾತಾಪಿಯ ಕಥೆ ಹೇಳಬೇಕು. ಅಣ್ಣ ಇಲ್ವಲ ತಮ್ಮ ವಾತಾಪಿಯನ್ನು ಟಗರು ಮಾಡಿ, ಅಡುಗೆ ಮಾಡಿ, ಅತಿಥಿಗೆ ಬಡಿಸಿ, "ವಾತಾಪಿ, ಹೊರಗೆ ಬಾ" ಅನ್ನುತ್ತಿದ್ದ. ಅವನು ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಅಗಸ್ತ್ಯರು ಮಾತ್ರ ಉಂಡು ಹೊಟ್ಟೆ ಸವರಿಕೊಂಡು "ವಾತಾಪಿ ಜೀರ್ಣೋ ಭವ" ಅಂದುಬಿಟ್ಟರು. ಕೂಸಿಗೆ ಹಾಲು ಕುಡಿಸಿ ಅಜ್ಜಿಯರು ಹೊಟ್ಟೆ ಸವರುತ್ತಾ ಹೇಳುವ ಜೀರ್ಣ ಜೀರ್ಣ ವಾತಾಪಿ ಜೀರ್ಣ ಇದೇ. ಊರಿನ ಹಳೇ ಹೆಸರು ವಾತಾಪಿ, ಕೆರೆಯ ಹೆಸರು ಅಗಸ್ತ್ಯ. ದೊಡ್ಡವರಿಗೆ ಇನ್ನೊಂದು ಕಥೆ ಇದೆ: 642ರಲ್ಲಿ ಪಲ್ಲವ ನರಸಿಂಹವರ್ಮ ಈ ಊರನ್ನು ಹಿಡಿದು 'ವಾತಾಪಿಕೊಂಡ', ಅಂದರೆ ವಾತಾಪಿ ಗೆದ್ದವನು, ಎಂದು ಕರೆಸಿಕೊಂಡ. ಹನ್ನೆರಡು-ಹದಿಮೂರು ವರ್ಷ ಕಳೆದ ಮೇಲೆ ಇಮ್ಮಡಿ ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ವಾಪಸ್ ಗೆದ್ದುಕೊಂಡ.

ಪಟ್ಟದಕಲ್ಲು ಇಲ್ಲಿಂದ 22 ಕಿಲೋಮೀಟರ್, ಐಹೊಳೆ 35ರ ಆಸುಪಾಸು. ಎರಡನ್ನೂ ಮಾರನೇ ದಿನಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಆಟೊದವರ ನಂಬರ್ ಇಸ್ಕೊಂಡಿದ್ದರೆ ಈಗ ಫೋನ್ ಮಾಡಬಹುದು. ರಾತ್ರಿ ರೈಲಿಗೆ ಹೋಗುವವರೂ ಅವರಿಗೇ ಹೇಳಿಡಿ. ಕತ್ತಲಾದ ಮೇಲೆ ಸ್ಟೇಷನ್ನಿಗೆ ಟಂಟಂ ಸಿಗುವುದು ಕಡಿಮೆ.